ಗೋದಕ್ಕನ ಐದು ಕುದುರೆಗಳು

ಗೋದಕ್ಕ ಯಾವ ವಸ್ತುವನ್ನು ಕೈಗೆ ತೆಗೆದುಕೊಂಡರೂ ಮೊದಲು ಅದನ್ನು ಮಗುಚಿ ಹಿಂಭಾಗ ನೋಡುತ್ತಿದ್ದರು. ಸೀರೆಯಾದರೆ ಸೆರಗಿನ ಒಳಮೈ, ತಟ್ಟೆಯಾದರೆ ತಳ, ಪುಸ್ತಕವಾದರೆ ಕೊನೆಯ ಪುಟ. ಮೊದಲ ಸಲ ನಮ್ಮ ಮನೆಗೆ ಬಂದಾಗ ಸೋಫಾದ ಮೇಲಿದ್ದ ಕುಶನ್ ಕವರನ್ನು ಎತ್ತಿ, ತಿರುಗಿಸಿ, ಒಳಗಿನ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ, ಇದ್ದ ಹಾಗೇ ಇಟ್ಟು, "ಯಾರು ಕೊಟ್ರು ತಂಗಿ ಇದನ್ನ?" ಎಂದು ಕೇಳಿದ್ದರು. ನಮ್ಮ ನಾದಿನಿ ಕೊಟ್ಟದ್ದು ಎಂದೆ.

"ಹೂಂ. ನಿನ್ನ ಮ್ಯಾಲೆ ಆಕಿಗೆ ಭಾಳ ಪ್ರೀತಿ ಇದ್ದಂಗಿಲ್ಲ," ಎಂದರು.

ಅದು ನಿಜವಾಗಿತ್ತು. ಆದರೆ ಕುಶನ್ ಕವರಿನ ಒಳಗೆ ಅದು ಕಾಣುತ್ತದೆ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದವರು ಅವರು. ಯಜಮಾನರು ಹೋದಮೇಲೆ ಸಮುದ್ರ ದಾಟಿ ಟೂಂಗಾಬಿಯಲ್ಲಿದ್ದ ಮಗ ಆನಂದನ ಮನೆಗೆ ಬಂದರು. ನಾನು ಬ್ಲ್ಯಾಕ್‌ಟೌನಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಮೇಜಿನ ಹಿಂದೆ ಕೂರುವವಳು. ಪ್ರತಿ ಮಂಗಳವಾರ ಹತ್ತೂವರೆಗೆ ಗೋದಕ್ಕ ಎರಡು ಸ್ಟೇಷನ್ ಟ್ರೈನಿನಲ್ಲಿ ಬಂದು, ತಮಿಳು ಪುಸ್ತಕಗಳ ಕೆಳಗಿನ ನಮ್ಮ ಒಂದೂವರೆ ಸಾಲಿನ ಕನ್ನಡದ ಮುಂದೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಆರು ತಿಂಗಳಲ್ಲಿ ಆ ಒಂದೂವರೆ ಸಾಲು ಮುಗಿಯಿತು. ಆಮೇಲೂ ಬರುತ್ತಿದ್ದರು. ಕೇಳಿದರೆ, "ಓದಿದ್ದನ್ನs ತಿರುಗಿ ಓದಿದ್ರ ನಿಮ್ಮ ಸರಕಾರ ದಂಡ ಹಾಕತದೇನು?" ಎನ್ನುತ್ತಿದ್ದರು.

ಇಲ್ಲಿಯ ಕನ್ನಡದವರ ಮಕ್ಕಳೆಲ್ಲ ಅವರನ್ನು ಆಂಟಿ ಎಂದರೆ ಅವರು ಓಗೊಡುತ್ತಿರಲಿಲ್ಲ. ನನ್ನ ಮಗಳು ನಾಲ್ಕು ಸಲ ಕರೆದು, ಅವರಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದು ಜೋರಾಗಿ ಕೂಗಿದಾಗ, "ಕೇಳಸ್ತದವಾ. ನಾ ಗೋದಕ್ಕ. ಆಂಟಿ ಯಾರೋ ನನಗ ಗೊತ್ತಿಲ್ಲ," ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಐವತ್ತಾರರ ನಾನೂ, ಹದಿನೇಳರ ಅವಳೂ, ಇಬ್ಬರೂ ಅವರನ್ನು ಅಕ್ಕ ಎಂದೇ ಕರೆದೆವು.

ಅವರ ಕೈಯಲ್ಲಿದ್ದದ್ದು ಕಸೂತಿ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕುವ ಧಾರವಾಡದ ಕಸೂತಿ. ಅದರಲ್ಲಿ ಗವಂತಿ ಎಂಬ ಹೊಲಿಗೆಯೊಂದಿದೆ. ಸೂಜಿ ಮೊದಲು ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತಾ ಹೋಗುತ್ತದೆ. ಆಗ ಮೇಲುಗಡೆ ಕಾಣುವುದು ಬಿಟ್ಟು ಬಿಟ್ಟು ಎಳೆದ ಗೆರೆ. ಕೊನೆ ಮುಟ್ಟಿದ ಮೇಲೆ ಅದೇ ದಾರ, ಅದೇ ದಾರಿಯಲ್ಲಿ, ಬಿಟ್ಟ ಜಾಗಗಳನ್ನು ತುಂಬುತ್ತಾ ವಾಪಸು ಬರುತ್ತದೆ. ಗಂಟು ಹಾಕುವ ಹಾಗಿಲ್ಲ. ಮುಗಿದ ಮೇಲೆ ನಾಲ್ಕು ಬೆರಳಷ್ಟು ದಾರ ಉಳಿಸಿಕೊಂಡು ಅದನ್ನು ಹೊಲಿಗೆಯ ಒಳಗೇ ಮುಚ್ಚಿಬಿಡಬೇಕು. ಸರಿಯಾಗಿ ಮಾಡಿದರೆ ಬಟ್ಟೆಗೆ ಮುಂದು ಹಿಂದು ಅಂತ ಇರುವುದೇ ಇಲ್ಲ. ನನಗೆ ಕಲಿಸಲು ಕೂತವರು ಹೋಗುವುದನ್ನು ಮಾತ್ರ ಕಲಿಸಿದರು. ನನ್ನ ಗೆರೆ ಮೂರನೆಯ ಎಳೆಗೇ ಸೊಟ್ಟ ತಿರುಗುತ್ತಿತ್ತು. "ಹೋಗೂದು ಸೊಟ್ಟ ಆದ್ರ ಬರೂದೂ ಸೊಟ್ಟs ಆಗತದ. ಬಿಚ್ಚು," ಎನ್ನುತ್ತಿದ್ದರು. ವಾರಗಟ್ಟಲೆ ಬಿಚ್ಚಿದೆ.

ಒಂದು ನವೆಂಬರಿನಲ್ಲಿ ನಮ್ಮವರ ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿದ ಶಾಲೆಯ ಹಾಲಿನಲ್ಲಿ ಯಾರೋ ಹೊಸದಾಗಿ ಬಂದ ಹುಡುಗಿ ತಾನು ಊರಿನಿಂದ ತರಿಸಿದ ಕಸೂತಿ ಸೀರೆಯನ್ನು ಎಲ್ಲರಿಗೂ ತೋರಿಸುತ್ತಿದ್ದಳು. ಗೋದಕ್ಕ ಸೆರಗನ್ನು ಹಿಡಿದು ಮಗುಚಿದರು. ಹಿಂದೆ ಮಿಷಿನ್ನಿನ ದಾರ ಕೂದಲಿನ ಉಂಡೆಯ ಹಾಗೆ ಸಿಕ್ಕುಬಿದ್ದಿತ್ತು, ಅದರ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಗೋದಕ್ಕ ಸೆರಗನ್ನು ನೀಟಾಗಿ ಅವಳ ಭುಜದ ಮೇಲೆ ಹಾಕಿ, "ಭಾಳ ಚಲೋ ಅದ. ಹಿಂದಿಂದು ಮಾತ್ರ ಯಾರಿಗೂ ತೋರಿಸಬ್ಯಾಡ," ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ನಾವಿಬ್ಬರೂ ನಕ್ಕಿದ್ದೆವು.

ಅವರಿಗೊಬ್ಬಳು ಮಗಳಿದ್ದಾಳೆ ಎಂಬುದು ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ, ಅದೂ ಒಂದು ಪುಸ್ತಕದ ದೆಸೆಯಿಂದ.

ಆ ಮಂಗಳವಾರ ವಾಪಸು ಬಂದ ಪುಸ್ತಕಗಳ ಗಾಡಿಯಲ್ಲಿ ಚಿತ್ರಕಲೆಯ ದೊಡ್ಡ ಪುಸ್ತಕವೊಂದಿತ್ತು. ಗೋದಕ್ಕ ಅಭ್ಯಾಸದಂತೆ ಅದನ್ನು ಮಗುಚಿ ಹಿಂದಿನಿಂದ ಪುಟ ತಿರುವಿದರು. ಒಂದು ಪುಟಕ್ಕೆ ಬಂದು ಕೈ ನಿಂತಿತು. ಬಿಳಿ ಗೋಡೆಯ ಊರೊಂದರ ಹೊರಗೆ, ಧೂಳೆಬ್ಬಿಸಿಕೊಂಡು ಕುದುರೆ ಸವಾರರ ಗುಂಪು ನುಗ್ಗುತ್ತಿದೆ. ರುಮಾಲು, ಹಾರುವ ನಿಲುವಂಗಿ, ಎತ್ತಿ ಹಿಡಿದ ಉದ್ದನೆಯ ಬಂದೂಕು. ಕುದುರೆಗಳ ಬಾಯಿ ತೆರೆದಿದೆ, ಕಣ್ಣು ಹೊರಗೆ ಬಂದಿವೆ. ಬಂದೂಕಿನ ಹೊಗೆ, ಮೋಡ ಯಾವುದು ಯಾವುದೆಂದು ತಿಳಿಯುವುದಿಲ್ಲ.

"ಇದು ಯಾವ ಯುದ್ಧ, ಓದಿ ಹೇಳು," ಎಂದರು. ದನಿ ಬೇರೆಯಾಗಿತ್ತು.

ನಾನು ಕನ್ನಡಕ ಹಾಕಿಕೊಂಡು ಪಕ್ಕದ ಬರಹವನ್ನು ಓದಿದೆ. ಸುಮಾರು ಇನ್ನೂರು ವರ್ಷದ ಹಿಂದೆ ಒಬ್ಬ ಫ್ರೆಂಚ್ ಚಿತ್ರಕಾರ ಮೊರಾಕೊ ದೇಶಕ್ಕೆ ಹೋಗಿ, ಕಂಡದ್ದನ್ನು ಬರೆದದ್ದು. ಯುದ್ಧ ಅಲ್ಲ. ಅಲ್ಲಿಯ ಹಬ್ಬಗಳಲ್ಲಿ, ಮದುವೆಗಳಲ್ಲಿ ಸವಾರರು ಒಂದೇ ಸಾಲಿನಲ್ಲಿ ಕುದುರೆ ಓಡಿಸಿಕೊಂಡು ಬಂದು, ಕೊನೆಯ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಆಕಾಶಕ್ಕೆ ಗುಂಡು ಹಾರಿಸಿ ಗಕ್ಕನೆ ನಿಲ್ಲುತ್ತಾರೆ. ಅತಿಥಿಗಳಿಗೆ ಮಾಡುವ ಮರ್ಯಾದೆ ಅದು.

"ಯಾರೂ ಸಾಯೂದಿಲ್ಲ?"

"ಇಲ್ಲ ಗೋದಕ್ಕ. ಸಂಭ್ರಮ ಅದು. ಮದುವೆ ಮನೆಯದು."

ನಾನು ಇಬ್ಬರಿಗೆ ಪುಸ್ತಕ ಕೊಟ್ಟು, ಒಬ್ಬರ ಪ್ರಿಂಟರ್ ಸರಿಮಾಡಿ ಬಂದರೂ ಅವರು ಅದೇ ಪುಟ ತೆರೆದುಕೊಂಡು ಕೂತಿದ್ದರು. ಆಮೇಲೆ, "ಹಂಗಾರ ನಾ ಬೀಗರ ದಿಬ್ಬಣಾನ ತಗದು ಬಚ್ಚಲದಾಗ ಇಟ್ಟೆ," ಎಂದರು.

ಆ ದಿನ ಊಟದ ಬಿಡುವಿನಲ್ಲಿ, ಲೈಬ್ರರಿಯ ಹಿಂದಿನ ಬೆಂಚಿನ ಮೇಲೆ, ನನ್ನ ಚಪಾತಿ ಡಬ್ಬಿ ಮಧ್ಯದಲ್ಲಿಟ್ಟುಕೊಂಡು ಅವರು ಎಲ್ಲವನ್ನೂ ಹೇಳಿದರು.

ಮಗಳು ವಿದ್ಯಾ ಮೆಲ್ಬರ್ನಿನಲ್ಲಿ ನರ್ಸು. ಅವಳು ಮದುವೆಯಾದದ್ದು ಇದ್ರಿಸ್ ಎಂಬ ಮೊರಾಕೊದ ಹುಡುಗನನ್ನು. ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ ಅವನದು. ಎಲ್ಲರೂ ಗೋದಕ್ಕ ರಂಪ ಮಾಡುತ್ತಾರೆಂದು ಕಾದರಂತೆ. ಅವರು ಮಾಡಲಿಲ್ಲ. ರಿಜಿಸ್ಟರ್ ಮದುವೆಗೆ ನಲವತ್ತು ಹೋಳಿಗೆ ಮಾಡಿ ಹೊತ್ತುಕೊಂಡು ಹೋದರು. ಅಳಿಯನ ಕೈಕೆಲಸ ನೋಡಬೇಕೆಂದು ಅವನ ವ್ಯಾನಿನಿಂದ ಒಂದು ಟೈಲ್ ತೆಗೆಸಿ, ಅದರ ಬೆನ್ನನ್ನೂ ತಿರುಗಿಸಿ ನೋಡಿ, ಅವನು ಹಾಕಿದ ನೆಲದ ಸಂದಿಗಳ ಮೇಲೆ ಬೆರಳಾಡಿಸಿ, ಕೆಲಸಗಾರ ಹುಡುಗ ಎಂದು ಮೆಚ್ಚಿದರು. ಇಷ್ಟು ದೊಡ್ಡದನ್ನು ಸಲೀಸಾಗಿ ದಾಟಿದವರು ಎಡವಿದ್ದು ಒಂದು ಚಿತ್ರಕ್ಕೆ.

ಮೆಲ್ಬರ್ನಿನ ಹೊರವಲಯದ ಟ್ರುಗನಿನಾದಲ್ಲಿ ಅವರಿಬ್ಬರೂ ಹೊಸ ಮನೆ ಕೊಂಡು ಗೃಹಪ್ರವೇಶ ಇಟ್ಟುಕೊಂಡಿದ್ದರು. ಗೋದಕ್ಕ ಕಲಶ ಹಿಡಿದು ಹೊಸ್ತಿಲು ದಾಟಿ ಬಲಗಾಲಿಟ್ಟರೆ, ಎದುರು ಗೋಡೆಯಲ್ಲಿ ಬಂದೂಕು ಎತ್ತಿದ ಸವಾರರನ್ನು ಹೊತ್ತು ಐದು ಕುದುರೆಗಳು ನೇರ ಅವರ ಮೇಲೇ ಬರುತ್ತಿದ್ದವು. ಅದೇ ಚಿತ್ರದ ದೊಡ್ಡ ಪ್ರಿಂಟು, ಗಾಜು ಹಾಕಿಸಿದ್ದು. ನಮ್ಮಲ್ಲಿ ಭಾರತ ಯುದ್ಧದ ಪಟವನ್ನೇ ಮನೆಯೊಳಗೆ ಹಾಕುವುದಿಲ್ಲ, ಹಾಕಿದರೆ ಮನೆಯಲ್ಲಿ ಜಗಳ ನೆಲೆಯೂರುತ್ತದೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಗೋದಕ್ಕ ಯಾರನ್ನೂ ಕೇಳಲಿಲ್ಲ. ಪುರೋಹಿತರು ಮಂಡಲ ಬರೆಯುತ್ತಿದ್ದಾಗ, ಇದ್ರಿಸ್ ಐಸ್ ತರಲು ಹೋಗಿದ್ದಾಗ, ಒಬ್ಬರೇ ಕುರ್ಚಿ ಹತ್ತಿ ಅದನ್ನು ಇಳಿಸಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನಿಲ್ಲಿಸುವಾಗ ಮೂಲೆ ವಾಷಿಂಗ್ ಮಿಷಿನ್ನಿಗೆ ತಗುಲಿ ಗಾಜು ಸೀಳಿತು. ಮೊಳೆ ಖಾಲಿ ಇರಬಾರದೆಂದು, ತಾವು ಉಡುಗೊರೆಗೆ ತಂದಿದ್ದ ಗೋಪುರದ ಕಸೂತಿಯನ್ನು ಅಲ್ಲಿ ತೂಗುಹಾಕಿದರು.

ಇದ್ರಿಸ್ ಬಂದವನು ಫೋನ್ ಎತ್ತಿ ಹಿಡಿದು ತನ್ನ ತಾಯಿಗೆ ವಿಡಿಯೋದಲ್ಲಿ ಮನೆ ತೋರಿಸುತ್ತಿದ್ದನಂತೆ. ಆ ಚಿತ್ರ ಅವನ ಸೋದರಮಾವ ಕೊಟ್ಟದ್ದು. ಅವನ ಅಜ್ಜ ಅಂಥ ಸಾಲಿನಲ್ಲಿ ಕುದುರೆ ಓಡಿಸಿದವನು. ಗೋಡೆಯ ಹತ್ತಿರ ಬಂದು ಅವನು ಫೋನನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿದ.

ಒಡೆದ ಗಾಜನ್ನು ಕಂಡ ವಿದ್ಯಾ ಅಡಿಗೆಮನೆಗೆ ಬಂದು, ಅಣ್ಣನ ಟೂಂಗಾಬಿಯ ಮನೆಯಲ್ಲಿ ವಾಸ್ತುವಿಗೆಂದು ಏಳು ಬಿಳಿ ಕುದುರೆಗಳ ಪಟ ಹಾಕಿಲ್ಲವೇ, ಅಲ್ಲಿ ಓಡಬಹುದು, ಇಲ್ಲಿ ಓಡಬಾರದೇ ಎಂದು ಕೇಳಿದಳು. ಅವುಗಳ ಮೇಲೆ ಯಾರೂ ಬಂದೂಕು ಹಿಡಿದು ಕೂತಿಲ್ಲ ಎಂದರು ಗೋದಕ್ಕ. ಆಗ ಅವಳು ಕೇಳಿದ ಮಾತು:

"ಹೇಳಿಬಿಡು ಅವ್ವಾ. ನಿನಗ ಚಿತ್ರ ಬ್ಯಾಡೋ, ಅವನು ಬ್ಯಾಡೋ?"

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಬೀಗರ ಕಡೆಯವರು, ಪುರೋಹಿತರು, ಮೆಲ್ಬರ್ನಿನ ಕನ್ನಡದವರು ಎಲ್ಲ ಬಾಗಿಲಲ್ಲಿದ್ದರು. ಎಲ್ಲರೆದುರು ಮಗಳು ಕೇಳಿದಳಲ್ಲ ಎಂದು ಗೋದಕ್ಕನಿಗೆ ಸಿಟ್ಟು ನೆತ್ತಿಗೇರಿತು.

"ಎರಡೂ ಒಂದs ಅಂತ ತಿಳ್ಕೋ," ಎಂದುಬಿಟ್ಟರು.

ಇದ್ರಿಸನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಹೆಂಡತಿಯ ಮುಖ ಓದಲು ಬರುತ್ತಿತ್ತು. ಅವನು ಚಿತ್ರವನ್ನು ಎತ್ತಿಕೊಂಡು ಹೋಗಿ ಗರಾಜಿನಲ್ಲಿಟ್ಟು, ಕೈತೊಳೆದು ಬಂದು, ಮೊದಲ ತಟ್ಟೆಯನ್ನು ಅತ್ತೆಯ ಮುಂದಿಟ್ಟು, "ಅಮ್ಮಾ, ಊಟ," ಎಂದ. ವಿದ್ಯಾ ಕಲಿಸಿದ ಎರಡೇ ಮಾತು. ಅವತ್ತಿನ ಊಟ ಈವತ್ತಿಗೂ ಗಂಟಲಲ್ಲೇ ಇದೆ ಎಂದರು ಗೋದಕ್ಕ. ಅದಾಗಿ ಮೂರು ವರ್ಷ. ನಡುವೆ ಸಾರಾ ಎಂಬ ಮೊಮ್ಮಗಳು ಹುಟ್ಟಿದ್ದಳು. ಆನಂದನ ಫೋನಿನಲ್ಲಿ ಬಂದ ಫೋಟೊಗಳಲ್ಲಷ್ಟೇ ಅವರು ಅವಳನ್ನು ಕಂಡದ್ದು.

ಈಗಲೇ ಮಾತಾಡಿ ಎಂದೆ ನಾನು. ನನ್ನದು ಅವಸರದ ಬುದ್ಧಿ. ಮರುವಾರ ಆನಂದನಿಂದ ನಂಬರ್ ತೆಗೆದುಕೊಂಡು, ಲೈಬ್ರರಿಯ ಗಾಜಿನ ಸ್ಟಡಿ ರೂಮಿನಲ್ಲಿ ಕೂರಿಸಿ, ನನ್ನ ಫೋನಿನಿಂದಲೇ ಮಾಡಿಕೊಟ್ಟೆ. ಅವರು ಫೋನನ್ನು ಕಿವಿಗೆ ಹಿಡಿಯದೆ ಅಂಗೈ ಮೇಲೆ ಆರತಿ ತಟ್ಟೆಯ ಹಾಗೆ ಹಿಡಿಯುತ್ತಿದ್ದದ್ದರಿಂದ ಸ್ಪೀಕರ್ ಹಾಕಬೇಕಾಯಿತು.

"ವಿದ್ಯಾ, ನಾನs. ಆ ಚಿತ್ರ ಯುದ್ಧದ್ದಲ್ಲಂತ. ಲಗ್ನದ್ದಂತ. ನನಗ ಗೊತ್ತಿದ್ದಿಲ್ಲ."

ಆ ಕಡೆ ಮಗುವೊಂದು ಚಮಚ ಬಡಿಯುತ್ತಿತ್ತು. ವಿದ್ಯಾ, "ಯುದ್ಧದ್ದs ಆಗಿದ್ರ ನೀ ಮಾಡಿದ್ದು ಸರಿ ಇತ್ತೇನವ್ವಾ?" ಎಂದಳು.

ಗೋದಕ್ಕ ನನ್ನ ಮುಖ ನೋಡಿದರು. ವಿದ್ಯಾ ಕಾದಳು, ಅದು ನನಗೆ ಗೊತ್ತು. ಫೋನಿನ ಮೇಲಿನ ನಿಮಿಷ ಒಂದರಿಂದ ಎರಡಕ್ಕೆ ತಿರುಗಿತು. ಆಮೇಲೆ ಮಗುವಿಗೆ ಉಣಿಸಬೇಕು ಎಂದು ಹೇಳಿ ಇಟ್ಟಳು.

ಕುದುರೆಗಳು ಶುರುವಾದದ್ದು ಅದಾದ ಮೇಲೆ. ಪುಸ್ತಕದ ಪುಟವನ್ನು ಕಲರ್ ಕಾಪಿ ಮಾಡಿಸಿಕೊಂಡರು. ಚೌಕುಳಿ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಕುದುರೆಗಳನ್ನು ಪೆನ್ಸಿಲಿನಲ್ಲಿ ಚೌಕಕ್ಕೆ ಇಳಿಸಲು ಎರಡು ತಿಂಗಳು ಹಿಡಿಯಿತು. ಕಸೂತಿಯಲ್ಲಿ ಗೋಪುರವಿದೆ, ತೇರಿದೆ, ಆನೆ, ನವಿಲು, ತುಳಸಿಕಟ್ಟೆ ಇವೆ. ಎಲ್ಲವೂ ನಿಂತವು. ಅದರ ಗೆರೆ ನೇರ ಹೋಗಬೇಕು, ಇಲ್ಲವೇ ಓರೆ ಹೋಗಬೇಕು, ಬಾಗುವುದಿಲ್ಲ. ಓಡುವ ಕುದುರೆಯ ಕತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬೇಕಿತ್ತು. "ಇವು ನಮ್ಮ ಮಾತ ಕೇಳೂ ಕುದುರಿ ಅಲ್ಲ," ಎಂದು ಬೈಯುತ್ತಾ, ರಬ್ಬರಿನಿಂದ ಅಳಿಸುತ್ತಾ, ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಬಟ್ಟೆಗೆ ಯಜಮಾನರ ಹಳೆಯ ಧೋತರವನ್ನು ಪೆಟ್ಟಿಗೆಯಿಂದ ತೆಗೆದಿದ್ದರು. ಸಣ್ಣ ನೂಲಿನದು, ಒಗೆದೂ ಒಗೆದೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರು ತಮ್ಮ ಪದ್ಧತಿಯನ್ನು ಬಿಟ್ಟರು. ಯಾವಾಗಲೂ ಒಂದು ಗೆರೆ ಹೋದರೆ ಕೂಡಲೇ ವಾಪಸು ಬಂದು ಮುಗಿಸುವವರು, ಇಲ್ಲಿ ಮೊದಲನೆಯ ಕುದುರೆಯ ಹೋಗುವ ಹೊಲಿಗೆ ಮುಗಿದದ್ದೇ ಸೂಜಿಯನ್ನು ಬಿಡಿಸಿ, ಉಳಿದ ದಾರವನ್ನು ಒಂದು ಕಾಗದದ ಚೂರಿಗೆ ಸುತ್ತಿ ಬಟ್ಟೆಯ ಅಂಚಿಗೆ ಸಿಕ್ಕಿಸಿ, ಎರಡನೆಯ ಕುದುರೆಗೆ ಕೈಹಾಕಿದರು. ಹೀಗೇಕೆ ಎಂದೆ.

"ಬರೂ ಹೊಲಿಗಿ ವಿದ್ಯಾ ಬಂದ ಮ್ಯಾಲೆ. ಇಲ್ಲಾ ನನ್ನ ಕರದ ಮ್ಯಾಲೆ," ಎಂದರು. ಹರಕೆ ಹೊತ್ತವರ ಹಾಗೆ ಹೇಳಿದರು.

ಒಮ್ಮೆ ಕಿಟಕಿಯ ಬೆಳಕಿಗೆ ಆ ಬಟ್ಟೆಯನ್ನು ಎತ್ತಿ ಹಿಡಿದು ನಾನು ಕೂಗಿಬಿಟ್ಟಿದ್ದೆ. ಮುಂದಿನ ಹೊಲಿಗೆ, ಹಿಂದಿನ ಹೊಲಿಗೆ ಎರಡೂ ತೆಳು ಬಟ್ಟೆಯಲ್ಲಿ ಒಟ್ಟಿಗೆ ಕಂಡು ಕುದುರೆ ಇಡಿಯಾಗಿ ಓಡುತ್ತಿತ್ತು. ನೋಡಿ ಗೋದಕ್ಕ, ಆಗಲೇ ಪೂರ್ತಿ ಆಗಿದೆ ಎಂದೆ. ಅವರು ಕೈಯಿಂದ ಕಿತ್ತುಕೊಂಡು ಮೇಜಿನ ಮೇಲೆ ಹರಡಿ, "ಅದು ಬೆಳಕಿನ ಮೋಸ. ಕೆಳಗಿಟ್ಟು ನೋಡು, ಅರ್ಧನs ಅದ," ಎಂದರು.

ನಾಲ್ಕನೆಯ ಕುದುರೆಯ ಹೊತ್ತಿಗೆ, ಒಂದು ಮಧ್ಯಾಹ್ನ, ತಲೆ ಎತ್ತದೆ, ಸೂಜಿ ನಿಲ್ಲಿಸದೆ ಅವರು ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಊರಿಗೆಲ್ಲಾ ಹೇಳಿದೆ, ಹುಡುಗನ ಮ್ಯಾಲೆ ನಂದೇನೂ ಇದ್ದಿಲ್ಲ, ಪಟದ್ದಷ್ಟs ತಕರಾರು ಅಂತ. ಹೋಳಿಗಿ ಮಾಡಿಕೊಂಡು ಹೋದಾಕಿ ನಾನು. ಆದ್ರ ಎರಡೂ ಒಂದs ಅನ್ನೂ ಮಾತು ನನ್ನ ಬಾಯಾಗ ಎಲ್ಲಿಂದ ಬಂತು? ಒಳಗಿದ್ದದ್ದs ಬಂದಿರಬೇಕಲ್ಲ." ಸ್ವಲ್ಪ ಹೊತ್ತು ಎಳೆ ಎಣಿಸಿದರು. "ಎಲ್ಲಾರದೂ ತಿರುವಿ ನೋಡಿದೆ ತಂಗಿ. ನಂದೊಂದು ನೋಡ್ಲಿಲ್ಲ."

ಅದನ್ನೇ ವಿದ್ಯಾಗೆ ಹೇಳಿ, ಅವಳು ಕೇಳಿದ್ದಕ್ಕೆ ಅದೇ ಉತ್ತರ ಎಂದೆ. ಫೋನಿನಲ್ಲಿ ಬೇಡ, ಎದುರು ಕೂತು ಹೇಳುತ್ತೇನೆ ಎಂದರು. ಐದನೆಯ ಕುದುರೆ ಮುಗಿದೊಡನೆ, ಕರೆಯಲಿ ಬಿಡಲಿ, ತಾವೇ ಹೋಗುವುದೆಂದು ಹರಕೆಯನ್ನು ಅಷ್ಟು ಸಡಿಲಿಸಿಕೊಂಡರು. ಏಪ್ರಿಲ್ ರಜೆಗೆ ಮೆಲ್ಬರ್ನಿನ ಹಗಲು ಟ್ರೈನಿಗೆ ಇಬ್ಬರಿಗೂ ಟಿಕೆಟ್ ಬುಕ್ ಮಾಡಿದೆ. ಹನ್ನೊಂದು ಗಂಟೆಯ ಪ್ರಯಾಣ, ವಿಮಾನದಲ್ಲಿ ಹೋಗೋಣ ಎಂದರೆ ಕೇಳಲಿಲ್ಲ. ಹೇಳಬೇಕಾದ್ದನ್ನು ಜೋಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು ಎಂದರು. ಮೊಮ್ಮಗಳಿಗೆ ಶೇಂಗಾ ಉಂಡೆ ಕೊಡಬಹುದೋ ಇಲ್ಲವೋ, ಈ ದೇಶದ ಮಕ್ಕಳಿಗೆ ಆಗುವುದಿಲ್ಲವಂತೆ ಎಂದು ಎರಡು ವಾರ ಚಿಂತೆ ಮಾಡಿ, ಕೊನೆಗೆ ರವೆ ಉಂಡೆಗೆ ನಿಂತರು.

ಐದನೆಯ ಕುದುರೆ ಮುಗಿದದ್ದು ಮಾರ್ಚಿನ ಒಂದು ಮಂಗಳವಾರ. ನನ್ನ ಡ್ರಾಯರಿನಲ್ಲಿ ಬಟ್ಟೆಯನ್ನು ಇಟ್ಟುಹೋದರು, ಮನೆಯಲ್ಲಿ ಸೊಸೆ ಸ್ಮಿತಾ ಒಗೆಯಲು ಹಾಕಿಬಿಟ್ಟಾಳೆಂದು. ಗುರುವಾರ ಬೆಳಿಗ್ಗೆ ಸ್ಮಿತಾ ಫೋನ್ ಮಾಡಿದಳು. ಸ್ನಾನ ಮುಗಿಸಿ ಬಂದವರು ನಡುಮನೆಯಲ್ಲಿ ಕುಸಿದಿದ್ದರು. ಸ್ಟ್ರೋಕು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು.

ಭಾನುವಾರ ನಾನು ಆಸ್ಪತ್ರೆಗೆ ಹೋದಾಗ ವಿದ್ಯಾ ಬಂದಿದ್ದಳು. ಬೆಳಗಿನ ವಿಮಾನದಲ್ಲಿ ಬಂದವಳು ನೇರ ಅಲ್ಲಿಗೇ ಬಂದಿದ್ದಳು, ಚೀಲ ಕುರ್ಚಿಯ ಪಕ್ಕದಲ್ಲೇ ಇತ್ತು. ನರ್ಸಲ್ಲವೇ, ಬಂದವಳೇ ದಿಂಬು ಸರಿಮಾಡಿ, ಡ್ರಿಪ್ ನೋಡಿ, ಹೊದಿಕೆಯ ಮೂಲೆ ಮಡಿಸಿ, ಮಾಡಲು ಏನೂ ಉಳಿಯದಾದಾಗ ಮಂಚದ ಪಕ್ಕ ನಿಂತಿದ್ದಳು. ನಾನು ಬಾಗಿಲ ಹತ್ತಿರವೇ ಉಳಿದೆ.

ಗೋದಕ್ಕನ ಕಣ್ಣು ತೆರೆದಿತ್ತು. ಬಾಯಿ ಏನನ್ನೋ ಹುಡುಕಿತು, ಗಂಟಲಿನ ಸದ್ದಷ್ಟೇ ಬಂತು. ಹನ್ನೊಂದು ಗಂಟೆ ಜೋಡಿಸಬೇಕೆಂದಿದ್ದ ಮಾತು. ಆಮೇಲೆ ಎಡಗೈ ಹೊದಿಕೆಯ ಮೇಲೆ ತೆವಳಿಕೊಂಡು ಬಂದು ವಿದ್ಯಾಳ ಕುರ್ತಾದ ಅಂಚನ್ನು ಹಿಡಿಯಿತು. ಅಂಗಡಿಯ ಸಾದಾ ಕುರ್ತಾ, ಅಂಚಿಗೆ ಮಿಷಿನ್ನಿನ ಹೂವು. ಆ ಕೈ ಅಂಚನ್ನು ನಿಧಾನಕ್ಕೆ ಮಗುಚಿತು. ಹಿಂದೆ ದಾರ ಜೋತಾಡುತ್ತಿದ್ದವು, ಗಂಟುಗಳಿದ್ದವು. ಹೆಬ್ಬೆರಳು ಅವುಗಳ ಮೇಲೆ ಹೋಯಿತು, ಬಂತು.

"ಗೊತ್ತು ಅವ್ವಾ," ಎಂದಳು ವಿದ್ಯಾ. "ಹಿಂದಿಂದು ಚಲೋ ಇಲ್ಲ."

ಅವರ ನಡುವೆ ನಡೆದ ಮಾತು ಅಷ್ಟೇ. ಬುಧವಾರ ಮಧ್ಯಾಹ್ನ ಗೋದಕ್ಕ ಹೋದರು. ನಡುವಿನ ಎರಡು ದಿನ ಕಣ್ಣು ತೆರೆಯಲಿಲ್ಲ.

ಏಪ್ರಿಲಿನ ಟಿಕೆಟನ್ನು ನಾನು ಕ್ಯಾನ್ಸಲ್ ಮಾಡಲಿಲ್ಲ. ಕುದುರೆಗಳ ಬಟ್ಟೆಯಿದ್ದ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಕೂತೆ. ದಾರಿಯಲ್ಲಿ ಹತ್ತಿದ ಮುದುಕರೊಬ್ಬರು ಈ ಸೀಟಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದೆ.

ಟ್ರುಗನಿನಾದ ಆ ಮನೆಯ ಎದುರು ಗೋಡೆಯಲ್ಲಿ ಮೊಳೆ ಮಾತ್ರ ಇತ್ತು, ಗೋಪುರದ ಕಸೂತಿಯನ್ನೂ ಇಳಿಸಿದ್ದರು. ಚಿತ್ರ ಗರಾಜಿನಲ್ಲೇ ಇತ್ತು. ಮತ್ತೆ ಹಾಕಿದರೆ ಅತ್ತೆಯ ವಿರುದ್ಧ ಹಾಕಿದಂತಾಗುತ್ತದೆ ಎಂದು ಇದ್ರಿಸ್ ಹಾಕಿರಲಿಲ್ಲವಂತೆ. ಅವನು ಪುದೀನ ಚಹಾ ಮಾಡಿ ತಂದ. ಊಟದ ಮೇಜಿನ ಮೇಲೆ ನಾನು ಧೋತರವನ್ನು ಬಿಚ್ಚಿ ಹರಡಿದಾಗ ಲೋಟವನ್ನು ದೂರ ಸರಿಸಿ, ಬಗ್ಗಿ, ಒಂದೊಂದೇ ಕುದುರೆಯನ್ನು ನೋಡಿದ. ಓಡಿಸುವುದು ದೊಡ್ಡದಲ್ಲ, ಎಲ್ಲರೂ ಒಟ್ಟಿಗೆ ನಿಲ್ಲುವುದೇ ಕಷ್ಟ ಎಂದು ಅವನ ಅಜ್ಜ ಹೇಳುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಅಷ್ಟು ಹೇಳಿ, ಸಾರಾಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ನಮ್ಮಿಬ್ಬರನ್ನೇ ಬಿಡಬೇಕೆಂದು ಹೋದದ್ದು.

ನಾಲ್ಕನೆಯ ಕುದುರೆಯ ಹೊತ್ತಿಗೆ ಅವರವ್ವ ಹೇಳಿದ್ದನ್ನು ಆಗ ನಾನು ವಿದ್ಯಾಗೆ ಹೇಳಿದೆ. ಆ ಮಾತುಗಳಲ್ಲೇ ಹೇಳಿದೆ. ಅವಳು ಅಳಲಿಲ್ಲ. ಬಟ್ಟೆಯ ಮೇಲೆ ಬಿಟ್ಟು ಬಿಟ್ಟು ಎಳೆದ ಆ ಗೆರೆಗಳನ್ನೇ ನೋಡುತ್ತಾ, ಇದೇಕೆ ಹೀಗೆ ಅರ್ಧರ್ಧ ಇದೆ ಎಂದು ಕೇಳಿದಳು. ಹೊಲಿಗೆ ಟೀಚರ ಮಗಳು, ಒಂದು ಗೆರೆಯನ್ನೂ ಕಲಿತಿರಲಿಲ್ಲ. ಇದು ಹೋಗುವ ಹೊಲಿಗೆ, ಬರುವ ಹೊಲಿಗೆ ನೀವು ಬಂದಮೇಲೆ ಅಂತ ಇಟ್ಟಿದ್ದರು ಎಂದೆ.

"ನಿಮಗ ಬರ್ತದೇನ್ರಿ, ವಾಪಸ್ ಬರೂದು?"

"ಇಲ್ಲ. ನನಗೆ ಹೋಗೋದಷ್ಟೇ ಕಲಿಸಿದ್ದರು."

ಅವಳು ಬಟ್ಟೆಯ ಅಂಚಿನಲ್ಲಿ ಸಿಕ್ಕಿಸಿದ್ದ ಕಾಗದದ ಚೂರುಗಳನ್ನು ಮುಟ್ಟಿದಳು. ನಿಜ ಹೇಳಬೇಕೆಂದರೆ, ತರುವ ಮೊದಲು ಬಟ್ಟೆಗೆ ಇಸ್ತ್ರಿ ಮಾಡುವಾಗ, ಉಳಿದ ದಾರವೆಂದು ಅವುಗಳನ್ನು ಕತ್ತರಿಸಲು ನಾನು ಕತ್ತರಿ ಎತ್ತಿಕೊಂಡಿದ್ದೆ. ಗೋದಕ್ಕನನ್ನು ಕೇಳದೆ ಕತ್ತರಿ ಮುಟ್ಟಿ ಅಭ್ಯಾಸವಿಲ್ಲದ್ದರಿಂದ ಕೆಳಗಿಟ್ಟೆ.

ವಿದ್ಯಾ ಮೊದಲನೆಯ ಸುರುಳಿಯನ್ನು ಬಿಚ್ಚಿದಳು. ದಾರ ಬಂತು, ಬರುತ್ತಲೇ ಇತ್ತು. ಅದನ್ನು ಕುದುರೆಯ ಬಾಲದಿಂದ ಹಿಡಿದು ಬೆನ್ನಿನ ಮೇಲೆ, ಕತ್ತಿನ ಮೆಟ್ಟಿಲ ಮೇಲೆ, ತೆರೆದ ಬಾಯಿ, ಎದೆ, ಎತ್ತಿದ ಮುಂಗಾಲು, ಹೊಟ್ಟೆ ಎಂದು ಗೆರೆಯ ಗುಂಟ ಬೆರಳಿನಿಂದ ಒತ್ತಿ ಒತ್ತಿ ಇಡುತ್ತಾ ಹೋದಳು. ಹೊರಟಲ್ಲಿಗೇ ಬಂದು ಮುಟ್ಟಿ, ಸ್ವಲ್ಪ ಉಳಿಯಿತು. ಎರಡನೆಯದನ್ನು ಬಿಚ್ಚಿದಳು. ಅದೂ ಬಂದು ಮುಟ್ಟಿ, ಅಷ್ಟೇ ಉಳಿಯಿತು. ಐದನ್ನೂ ಹಾಗೆ ಇಟ್ಟು ನೋಡಿದಳು. ಯಾವುದೂ ಕಡಿಮೆ ಬೀಳಲಿಲ್ಲ.

ಉಳಿದ ತುದಿಯ ಪಕ್ಕ ಕೈಯಿಟ್ಟು ಅಳೆದಳು. ನಾಲ್ಕು ಬೆರಳು.

"ಇದು ಯಾಕ ಹೆಚ್ಚಿಗಿ ಬಿಟ್ಟಾಳ?" ಎಂದು ಕೇಳಿದಳು.

"ಗಂಟು ಹಾಕದೆ ಮುಗಿಸೋದಕ್ಕೆ," ಎಂದೆ.